ಸರ್ಕಾರ ಬದಲಾದಾಗ ಟ್ರಾನ್ಸ್‌ಜೆಂಡರ್‌ಗಳ ಟ್ರೀಟ್‌ಮೆಂಟ್ ಏನಾಗುತ್ತೆ? ಕೋಲಾರ ಜಿಲ್ಲೆಯವ್ರು ಕಂಡಿದ್ದು ಹೇಳಿ

ಬಂಗಾರಪೇಟೆ_ಅಕ್ಕ
ಎಲ್ರಿಗೂ ನಮಸ್ಕಾರ. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಈಗಾಗುತ್ತೆ ಆಗಾಗುತ್ತೆ ಅಂತ ಸುದ್ದಿ ಎದ್ದಿದ್ದೇ ತಡ ಪಾರ್ಟಿ ಹುಡುಗ್ರು ಮತ್ತೆ ನಮ್ ಮನೆಗಳ ಕಡೆ ಓಡಾಡೋಕೆ ಶುರು ಮಾಡಿದಾರೆ. ನಮ್ಮೋರು ಬಂದ್ರೆ ನಿಮಗೆ ಲಿಂಗ ಬದಲಾವಣೆ ಆಪರೇಷನ್ ಫ್ರೀ, ಹಾರ್ಮೋನ್ ಫ್ರೀ, ಎಲ್ಲಾ ಫ್ರೀ. ಇದೇ ಮಾತು ಬೇರೆ ಬಾವುಟದೋರೂ ಹೇಳಿದ್ರು, ಇದೇ ಟೋನಲ್ಲಿ. ನಾನು ಟ್ರಾನ್ಸ್ ಮಹಿಳೆ, ಕೆಲವು ವರ್ಷ ಎಚ್‌ಐವಿ ಪ್ರಾಜೆಕ್ಟಲ್ಲಿ ಪೀರ್ ಎಜುಕೇಟರ್ ಆಗಿದ್ದೆ, ಅಂದ್ರೆ ನಮ್ಮೋರಿಗೆ ತಿಳುವಳ್ಕೆ ಹೇಳಿ ಆಸ್ಪತ್ರೆಗೆ ಕರ್ಕೊಂಡ್ ಹೋಗೋ ಕೆಲ್ಸ, ಈಗ ಟಿಫನ್ ಗಾಡಿ ಇಟ್ಕೊಂಡಿದೀನಿ. ಹಂಗಾಗಿ ಆಸ್ಪತ್ರೆ ಒಳಗೂ ಹೊರಗೂ ಸ್ವಲ್ಪ ಗೊತ್ತು. ಕೇಳ್ಬೇಕಾಗಿರೋದು ಇಷ್ಟೇ: ವೋಟು ಹಾಕಿದ್ಮೇಲೆ ನಿಜವಾಗ್ಲೂ ಆಸ್ಪತ್ರೇಲಿ ನಮಗೆ ಏನ್ ಬದಲಾಗುತ್ತೆ, ಏನ್ ಬದಲಾಗಲ್ಲ? ಪಾರ್ಟಿ ಜಗಳ ಬೇಡ. ಬೈಯೋರು ಬೇರೆ ಕಡೆ ಹೋಗಿ ಬೈಕೊಳ್ಳಿ.

ಮಂಡಿ_ಮಂಜ
ಯಾರ್ ಬಂದ್ರೂ ಅಷ್ಟೇ ಅಕ್ಕ. ಸುಮ್ನೆ ತಲೆ ಕೆಡಿಸ್ಕೋಬೇಡಿ. ನಮ್ ಕೋಲಾರ ನೋಡಿಲ್ವಾ, 2023ರಲ್ಲಿ ಸಿದ್ದರಾಮಯ್ಯ ಇಲ್ಲೇ ನಿಲ್ತಾರೆ ಅಂತ ಊರೆಲ್ಲಾ ಕುಣಿದ್ರು, ಕೊನೆಗೆ ವರುಣಾಗೆ ಹೋದ್ರು. ಎಂಪಿ ಸೀಟು ಕಾಂಗ್ರೆಸ್ಸಿಂದ ಬಿಜೆಪಿಗೆ, ಅಲ್ಲಿಂದ ಜೆಡಿಎಸ್‌ಗೆ. ಆಸ್ಪತ್ರೆ ಚೀಟಿ ಕೌಂಟರ್ ಮುಂದೆ ಕ್ಯೂ ಮಾತ್ರ ಅಲ್ಲೇ ಇದೆ.

ಬಂಗಾರಪೇಟೆ_ಅಕ್ಕ
ಮಂಜಣ್ಣ ಕ್ಯೂ ಎಲ್ರಿಗೂ ಒಂದೇ, ಆದ್ರೆ ಕ್ಯೂ ಕೊನೇಲಿ ಏನ್ ಸಿಗುತ್ತೆ ಅನ್ನೋದು ಬದಲಾಗುತ್ತೆ. ನಂದೇ ಹೇಳ್ತೀನಿ. ಟ್ರಾನ್ಸ್‌ಜೆಂಡರ್ ಸರ್ಟಿಫಿಕೇಟ್‌ಗೆ ಸೆಂಟ್ರಲ್ ಪೋರ್ಟಲಲ್ಲಿ ಅರ್ಜಿ ಹಾಕಿದ್ದೆ. ಅದಕ್ಕೆ ಡಿಸಿ ಸಹಿ ಬೇಕು. ಆಗ 2020ರ ರೂಲ್ಸ್ ಪ್ರಕಾರ 30 ದಿನದೊಳಗೆ ಕೊಡ್ಬೇಕಿತ್ತು, ಮೆಡಿಕಲ್ ಟೆಸ್ಟು ಗಿಸ್ಟು ಏನೂ ಕೇಳೋಂಗಿರ್ಲಿಲ್ಲ, ಅಫಿಡವಿಟ್ ಸಾಕಿತ್ತು. ಅಷ್ಟೊತ್ತಿಗೆ 2024ರ ಲೋಕಸಭೆ ಎಲೆಕ್ಷನ್ ಬಂತು. ಮಾರ್ಚ್ 16ಕ್ಕೆ ಕೋಡ್ ಆಫ್ ಕಂಡಕ್ಟ್. ಡಿಸಿನೇ ಜಿಲ್ಲಾ ಚುನಾವಣಾಧಿಕಾರಿ ಅಲ್ವಾ, ಅವ್ರಿಗೆ ಆಗ ಇವಿಎಂ, ಚೆಕ್‌ಪೋಸ್ಟ್, ಟ್ರೈನಿಂಗ್ ಬಿಟ್ರೆ ಬೇರೆ ಯಾವ ಫೈಲೂ ಕಾಣಲ್ಲ. ಹೋಗಿ ಕೇಳಿದ್ರೆ "ಎಲೆಕ್ಷನ್ ಮುಗೀಲಿ ನೋಡಣ". ಜೂನ್ ಮೊದಲನೇ ವಾರ ಕೋಡ್ ಎತ್ತೋವರ್ಗೂ ಅದೇ ಉತ್ತರ.

ಆ ಸರ್ಟಿಫಿಕೇಟ್ ಇಲ್ದೆ ಆಯುಷ್ಮಾನ್ ಟಿಜಿ ಪ್ಲಸ್ ಅನ್ನೋ ಸೆಂಟ್ರಲ್ ಆರೋಗ್ಯ ವಿಮೆ ಇಲ್ಲ. ಅದಿಲ್ದೆ ಆಪರೇಷನ್ ಮಾತೇ ಇಲ್ಲ. ಎಲೆಕ್ಷನ್ ರಿಸಲ್ಟ್ ಬರೋಕೂ ಮುಂಚೆನೇ ಎಲೆಕ್ಷನ್ನಿಂದ ನಂಗೆ ಎಫೆಕ್ಟ್ ಆಯ್ತಲ್ಲ, ಅದನ್ನ ಹೇಳ್ತಿರೋದು.

ಫೈಲ್_ನಂಬರ್
ನಾನು ಒಂದು ಸರ್ಕಾರಿ ಆಫೀಸಲ್ಲಿ ಎಸ್‌ಡಿಎ, ಯಾವ ಇಲಾಖೆ ಅಂತ ಹೇಳಲ್ಲ. ಅಕ್ಕ ಹೇಳಿದ್ದು ನಿಜ, ಆದ್ರೆ ಒಂದು ವಿಷ್ಯ ಎಲ್ರೂ ತಿಳ್ಕೊಳ್ಳಿ. ನೀತಿ ಸಂಹಿತೆ ಅಂದ್ರೆ ಹೊಸ ಸ್ಕೀಮ್ ಘೋಷಣೆ ಮಾಡಂಗಿಲ್ಲ, ಹೊಸದಾಗಿ ಫಲಾನುಭವಿಗಳನ್ನ ಸೇರಿಸಿ ಹಂಚಂಗಿಲ್ಲ ಅಂತ. ನಡೀತಿರೋ ಕೆಲ್ಸ ನಿಲ್ಸಿ ಅಂತ ಯಾರೂ ಹೇಳಿಲ್ಲ. ಕಾನೂನಲ್ಲೇ ಇರೋ ಸರ್ಟಿಫಿಕೇಟ್ ಕೊಡೋಕೆ ಕೋಡ್ ಅಡ್ಡ ಬರಲ್ಲ. ಆದ್ರೆ ಆಫೀಸಲ್ಲಿ ಎಲ್ರಿಗೂ ಕೋಡ್ ಅಂದ್ರೆ ಒಂಥರಾ ರಜೆ, ಏನ್ ಕೇಳಿದ್ರೂ ಕೋಡ್ ಇದೆ ಅಂದ್ಬಿಟ್ರೆ ಆಯ್ತು. ಮುಂದಿನ ಸಲ ಹಂಗಂದ್ರೆ "ಬರೆದು ಕೊಡಿ ಸಾರ್" ಅನ್ನಿ. ಯಾರೂ ಬರೆದು ಕೊಡಲ್ಲ.

ಓಪಿ_ಚೀಟಿ
ಸ್ಟಾಫ್ ನರ್ಸ್ ಇಲ್ಲಿ, ಸರ್ಕಾರಿ ಆಸ್ಪತ್ರೆ, ತಾಲೂಕು ಹೇಳಲ್ಲ. ಕೋಡ್ ಟೈಮಲ್ಲಿ ನಮ್ಮಲ್ಲಿ ನಡೆಯೋ ತಮಾಷೆ ಕೇಳಿ. ಗೋಡೆ ಮೇಲಿರೋ ಸ್ಕೀಮ್ ಬೋರ್ಡಲ್ಲಿ ಪಿಎಂ, ಸಿಎಂ, ಮಿನಿಸ್ಟ್ರು ಫೋಟೋ ಇರುತ್ತಲ್ಲ, ಅದಕ್ಕೆಲ್ಲ ನ್ಯೂಸ್‌ಪೇಪರ್ ಅಂಟಿಸ್ತಾರೆ. ಒಂದ್ಸಲ ಗ್ರೂಪ್ ಡಿ ಹುಡುಗ ಫೋಟೋ ಮಾತ್ರ ಮುಚ್ಚೋ ಬದ್ಲು ಇಡೀ ಬೋರ್ಡಿಗೇ ಅಂಟಿಸ್ಬಿಟ್ಟ, ಕೆಳಗಡೆ ಯಾವ್ಯಾವ ಕಾಯಿಲೆಗೆ ಎಷ್ಟು, ಸ್ಕೀಮಿಗೆ ಸಹಾಯ ಮಾಡೋ ಆರೋಗ್ಯಮಿತ್ರ ಎಲ್ಲಿ ಕೂತಿರ್ತಾರೆ ಅಂತ ಇದ್ದಿದ್ದೆಲ್ಲಾ ಮುಚ್ಚೋಯ್ತು. ಎಲೆಕ್ಷನ್ ಆದ್ಮೇಲೆ ಕಿತ್ತಾಗ ಅಕ್ಷರವೂ ಪೇಪರ್ ಜೊತೆ ಕಿತ್ಕೊಂಡ್ ಬಂತು. ಓದೋಕೆ ಬರೋರಿಗೂ ಈಗ ಅಲ್ಲಿ ಏನೂ ಕಾಣಲ್ಲ.

ಸ್ಕೀಮ್ ಹೆಸ್ರು ಬೇರೆ ಬದಲಾಗ್ತಾನೇ ಇರುತ್ತೆ. 2018 ಮಾರ್ಚಲ್ಲಿ ಆರೋಗ್ಯ ಕರ್ನಾಟಕ ಅಂತ ಬಂತು, ಅದೇ ವರ್ಷ ಅಕ್ಟೋಬರಲ್ಲಿ ಆಯುಷ್ಮಾನ್ ಭಾರತ್ ಜೊತೆ ಸೇರಿಸಿದ್ರು, 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂದ್ಮೇಲೆ ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ ಅಂತ ಹೊಸ ಕಾರ್ಡು. ಜನ ಹಳೇ ಕಾರ್ಡ್ ಹಿಡ್ಕೊಂಡು ಬಂದು ಇದು ನಡಿಯುತ್ತಾ ಮೇಡಂ ಅಂತ ನಮ್ಮನ್ನ ಕೇಳ್ತಾರೆ. ಬಿಪಿಎಲ್‌ಗೆ 5 ಲಕ್ಷ, ಎಪಿಎಲ್‌ಗೆ ಖರ್ಚಿನ 30 ಪರ್ಸೆಂಟು ಒಂದೂವರೆ ಲಕ್ಷದವರೆಗೆ ಅನ್ನೋ ಲೆಕ್ಕ ಮಾತ್ರ ಹಂಗೇ ಉಳ್ಕೊಂಡ್ ಬಂದಿದೆ.

ಮಂಡಿ_ಮಂಜ
ನೋಡಿದ್ರಾ, ನಾನ್ ಹೇಳಿದ್ದೇ ಆಯ್ತಲ್ಲ. ಹೆಸ್ರು ಬದಲಾಗುತ್ತೆ ಅಷ್ಟೇ.

ಬಂಗಾರಪೇಟೆ_ಅಕ್ಕ
ಅಷ್ಟೇ ಅಲ್ಲ ಮಂಜಣ್ಣ. ಬಿಪಿಎಲ್ ಕಾರ್ಡ್ ಮನೆಯೋರ ಹೆಸ್ರಲ್ಲಿರುತ್ತೆ. ನಮ್ಮೋರಲ್ಲಿ ಎಷ್ಟು ಜನ ಮನೆಯಿಂದ ಆಚೆ ಹಾಕಿಸ್ಕೊಂಡು ಬಂದಿಲ್ಲ. ಅಪ್ಪ ಅಮ್ಮ ರೇಷನ್ ಕಾರ್ಡಿಂದ ಹೆಸ್ರು ತೆಗ್ಸಿರ್ತಾರೆ, ಇಲ್ಲಾಂದ್ರೆ ಹುಡುಗನ ಹೆಸ್ರಲ್ಲೇ ಇರುತ್ತೆ, ಫೋಟೋ ನೋಡಿ ಆರೋಗ್ಯಮಿತ್ರ ಇದು ನೀನಲ್ಲ ಅಂತಾನೆ. ಅದಕ್ಕೇ 2022 ಆಗಸ್ಟಲ್ಲಿ ಸೆಂಟ್ರಲ್ ಗೌರ್ಮೆಂಟು ಟಿಜಿ ಪ್ಲಸ್ ಅಂತ ಮಾಡಿದಾಗ ನಾವೆಲ್ಲಾ ಖುಷಿ ಪಟ್ಟಿದ್ದು. ಮನೆ ಕಾರ್ಡ್ ಬೇಡ, ಟ್ರಾನ್ಸ್‌ಜೆಂಡರ್ ಸರ್ಟಿಫಿಕೇಟ್ ಇದ್ರೆ ಒಬ್ಬೊಬ್ರಿಗೆ ವರ್ಷಕ್ಕೆ 5 ಲಕ್ಷ, ಅದ್ರಲ್ಲಿ ಆಪರೇಷನ್ನೂ ಸೇರಿದೆ. ಕಾಗದದ ಮೇಲೆ ಚೆನ್ನಾಗಿದೆ. ಇದು ಬಿಜೆಪಿ ಸರ್ಕಾರ ಮಾಡಿದ್ದು, ಅದನ್ನ ಹೇಳ್ಲೇಬೇಕು.

ಆದ್ರೆ ಕಾರ್ಡ್ ಹಿಡ್ಕೊಂಡು ಎಲ್ಲಿಗೆ ಹೋಗೋದು? ಆ ಪ್ಯಾಕೇಜಿಗೆ ಎಂಪ್ಯಾನೆಲ್ ಆಗಿರೋ, ಅಂದ್ರೆ ಪಟ್ಟೀಲಿ ಸೇರಿರೋ ಆಸ್ಪತ್ರೆ ಇರ್ಬೇಕು, ಅಲ್ಲಿ ಪ್ಲಾಸ್ಟಿಕ್ ಸರ್ಜನ್ ಇರ್ಬೇಕು, ಸೈಕಿಯಾಟ್ರಿಸ್ಟ್ ಲೆಟರ್ ಕೊಡ್ಬೇಕು, ಹಾರ್ಮೋನ್ ನೋಡೋ ಎಂಡೋಕ್ರೈನ್ ಡಾಕ್ಟ್ರು ಬೇಕು. ನಮ್ ಕಡೆ ಯಾವ ಸರ್ಕಾರಿ ಆಸ್ಪತ್ರೇಲಿ ಎಂಡೋಕ್ರೈನ್ ಡಾಕ್ಟ್ರನ್ನ ನೋಡಿದೀರ ಹೇಳಿ? ಶುಗರ್ ಪೇಷಂಟ್‌ಗಳಿಗೇ ಸಿಗಲ್ಲ. ಹಂಗಾಗಿ ಹುಡುಗೀರು ಹಾರ್ಮೋನ್ ಬದ್ಲು ಮೆಡಿಕಲ್ ಸ್ಟೋರಲ್ಲಿ ಮಾಲಾ-ಡಿ ಗರ್ಭನಿರೋಧಕ ಮಾತ್ರೆ ತಗೊಂಡು ಒಂದಕ್ಕೆ ನಾಲ್ಕು ನುಂಗ್ತಾರೆ. ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಕುಂಟ್ಕೊಂಡು ಬಂದಿರೋರನ್ನ ನಾನು ಆಟೋದಲ್ಲಿ ಕರ್ಕೊಂಡು ಹೋಗಿದೀನಿ.

ಕೆಜಿಎಫ್_ಶಾಫ್ಟ್
ನಮ್ ರಾಬರ್ಟ್‌ಸನ್‌ಪೇಟೆ ಕಡೆಯೋರು ಇದಕ್ಕೆಲ್ಲಾ ಬಂಗಾರಪೇಟೇಲಿ ಟ್ರೈನ್ ಹತ್ತಿ ಚೆನ್ನೈಗೆ ಹೋಗ್ತಾರೆ. ನನ್ನ ಚಿಕ್ಕಮ್ಮನ ಮಗ, ಈಗ ಮಗಳು, ಅಲ್ಲೇ ಸರ್ಕಾರಿ ಆಸ್ಪತ್ರೇಲಿ ಮಾಡಿಸ್ಕೊಂಡಿದ್ದು. ಆದ್ರೆ ಅವ್ಳಿಗೆ ತಮಿಳ್ನಾಡು ಅಡ್ರೆಸ್ ಇತ್ತು, ಅತ್ತೆ ಮನೆ ಜೋಲಾರ್‌ಪೇಟೆ. ನಮ್ ಕರ್ನಾಟಕ ಆಧಾರ್ ಇಟ್ಕೊಂಡು ಹೋದೋರ್ಗೆ ನಿಮ್ ರಾಜ್ಯದಲ್ಲಿ ಕೇಳ್ಕೊಳ್ಳಿ ಅಂತ ಹೇಳಿ ಕಳ್ಸಿರೋದೂ ಇದೆ.

ಅಲ್ಲಿ 2008ರಲ್ಲಿ ಕರುಣಾನಿಧಿ ಸರ್ಕಾರ ಟ್ರಾನ್ಸ್‌ಜೆಂಡರ್ ವೆಲ್‌ಫೇರ್ ಬೋರ್ಡ್ ಮಾಡ್ತು, ದೇಶದಲ್ಲೇ ಮೊದಲನೇದು. ಸರ್ಕಾರಿ ಆಸ್ಪತ್ರೇಲಿ ಫ್ರೀ ಆಪರೇಷನ್ನೂ ಆಗಿಂದಾನೇ. 2011ರಲ್ಲಿ ಸರ್ಕಾರ ಬದಲಾಯ್ತು, ಬೋರ್ಡಿಗೆ ಮೊದಲಿನ ಹುರುಪು ಹೋಯ್ತು ಅಂತ ಅಲ್ಲಿನೋರು ಬೇಜಾರ್ ಮಾಡ್ಕೊತಾರೆ. ಆದ್ರೆ ಆಸ್ಪತ್ರೇಲಿ ಕೆಲ್ಸ ಕಲ್ತಿದ್ದ ಸರ್ಜನ್‌ಗಳು ಎಲ್ಲಿಗೆ ಹೋಗ್ತಾರೆ, ಪಿಜಿ ಹುಡುಗ್ರು ಅವ್ರನ್ನ ನೋಡಿ ಕಲ್ತ್ರು, ಡಿಪಾರ್ಟ್‌ಮೆಂಟ್ ಹಂಗೇ ನಡ್ಕೊಂಡ್ ಹೋಯ್ತು. ಮಿನಿಸ್ಟ್ರು ಬದಲಾದ್ರೆ ಬೋರ್ಡ್ ಮಲ್ಕೊಳುತ್ತೆ, ಡಾಕ್ಟ್ರು ಕೈ ಮಲ್ಕೊಳಲ್ಲ.

ಬಂಗಾರಪೇಟೆ_ಅಕ್ಕ
ಅಣ್ಣ ಇದನ್ನೇ ನಾನು ಹುಡುಕ್ತಾ ಇದ್ದಿದ್ದು. ಥ್ಯಾಂಕ್ಸ್.

ಶ್ರೀನಿವಾಸಪುರ_ತೋಪು
ಬೇಜಾರ್ ಆಗ್ಬೇಡಿ, ಕೇಳ್ಬೇಕು ಅನ್ನಿಸ್ತು ಕೇಳ್ತಿದೀನಿ. ಕೋಲಾರದಲ್ಲಿ ಕುಡಿಯೋ ನೀರಿಗೆ ಗತಿ ಇಲ್ಲ, ಡಯಾಲಿಸಿಸ್‌ಗೆ ಜನ ಬೆಂಗ್ಳೂರ್ಗೆ ಅಲೀತಾರೆ, ಇದಕ್ಕೆಲ್ಲಾ ಟ್ಯಾಕ್ಸ್ ದುಡ್ಡು ಯಾಕೆ? ಇದು ಅವ್ರವ್ರ ಇಷ್ಟಕ್ಕೆ ಮಾಡ್ಸ್ಕೊಳೋ ಆಪರೇಷನ್ ಅಲ್ವಾ.

ಓಪಿ_ಚೀಟಿ
ತೋಪು ಅವ್ರೇ, ನಾನು ಕ್ಯಾಶುಯಾಲ್ಟಿಲಿ ಇದ್ದಾಗ ನೋಡಿದ್ದು ಹೇಳ್ತೀನಿ, ಆಮೇಲೆ ನೀವೇ ಲೆಕ್ಕ ಹಾಕಿ. ಸರ್ಕಾರಿ ಆಸ್ಪತ್ರೇಲಿ ಮಾಡಲ್ಲ ಅಂದ್ರೆ ಅವ್ರು ಸುಮ್ನೆ ಮನೇಲಿ ಕೂರಲ್ಲ. ದಾಯಿ ಹತ್ರ ನಿರ್ವಾಣ, ಅಂದ್ರೆ ಡಾಕ್ಟ್ರಿಲ್ದೆ ಅಂಗ ಕತ್ತರಿಸೋದು, ಮಾಡಿಸ್ಕೊತಾರೆ, ಇಲ್ಲಾ ಗಡಿ ಆಚೆ ಯಾವ್ದೋ ಬೋರ್ಡ್ ಇಲ್ದಿರೋ ಕ್ಲಿನಿಕ್ಕು. ಆಮೇಲೆ ರಾತ್ರಿ ಹೊತ್ತು ಬರ್ತಾರೆ. ಒಬ್ಳು ಬಂದಿದ್ಳು, ಮೂತ್ರದ ದಾರಿ ಮುಚ್ಚೋಗಿ ಹೊಟ್ಟೆ ಕೆಳಗೆ ಗಟ್ಟಿಯಾಗಿ ಊದ್ಕೊಂಡಿತ್ತು, ಕ್ಯಾತಿಟರ್ ಒಳಗೇ ಹೋಗ್ತಿಲ್ಲ, ಕೊನೆಗೆ ಡ್ಯೂಟಿ ಡಾಕ್ಟ್ರು ಹೊಟ್ಟೆ ಮೇಲಿಂದಾನೇ ಟ್ಯೂಬ್ ಹಾಕಿ ಬೆಂಗ್ಳೂರ್ಗೆ ಕಳ್ಸಿದ್ರು. ಅಲ್ಲಿ ಇನ್ನೆಷ್ಟು ಆಪರೇಷನ್, ಎಷ್ಟು ದಿನ ಬೆಡ್ಡು. ಅದೂ ಟ್ಯಾಕ್ಸ್ ದುಡ್ಡೇ. ಮೊದ್ಲೇ ಸರಿಯಾಗಿ ಮಾಡಿದ್ರೆ ಅದಕ್ಕಿಂತ ಕಮ್ಮಿ ಆಗ್ತಿತ್ತು, ಹುಡುಗಿ ನರಳೋದೂ ತಪ್ಪುತಿತ್ತು.

ಇನ್ನೊಂದು. ಆ ರಾತ್ರಿ ಅವ್ಳನ್ನ ಯಾವ ವಾರ್ಡಲ್ಲಿ ಮಲಗಿಸ್ಬೇಕು ಅಂತ ಮುಕ್ಕಾಲು ಗಂಟೆ ಚರ್ಚೆ ನಡೀತು. ಓಪಿ ಚೀಟಿ ಸಾಫ್ಟ್‌ವೇರಲ್ಲಿ ಇತರೆ ಅಂತ ಆಪ್ಷನ್ ಇದೆ, ವಾರ್ಡ್ ರಿಜಿಸ್ಟರಲ್ಲಿ ಗಂಡು ಹೆಣ್ಣು ಎರಡೇ ಕಾಲಂ. ಕೊನೆಗೆ ಸ್ಟ್ರೆಚರಲ್ಲೇ ಕಾರಿಡಾರ್. ಇದಕ್ಕೆ ಬಜೆಟ್ ಬೇಕಾಗಿಲ್ಲ, ಯಾವ ಪಾರ್ಟಿನೂ ಬೇಕಾಗಿಲ್ಲ, ಮೇಲಿಂದ ಒಂದು ಸುತ್ತೋಲೆ ಬಂದ್ರೆ ಸಾಕು.

ಶ್ರೀನಿವಾಸಪುರ_ತೋಪು
ಇಷ್ಟೆಲ್ಲಾ ಇದೆ ಅಂತ ಗೊತ್ತಿರ್ಲಿಲ್ಲ ಸಿಸ್ಟರ್. ಆದ್ರೂ ಡಯಾಲಿಸಿಸ್ ಮೊದ್ಲು ಅಂತಾನೇ ನಾನ್ ಹೇಳೋದು.

ಬಂಗಾರಪೇಟೆ_ಅಕ್ಕ
ಡಯಾಲಿಸಿಸ್ ಮೆಷಿನ್ನೂ ಕೇಳಣ ಅಣ್ಣ, ನಮ್ಮಲ್ಲೂ ಕಿಡ್ನಿ ಹೋಗಿರೋರಿದಾರೆ. ಅದನ್ನ ಕೇಳೋಕೆ ಯಾರ್ ಹತ್ರ ಹೋಗ್ಬೇಕು ಹೇಳಿ? ಪಿಎಚ್‌ಸಿಗಳನ್ನ ನೋಡ್ಕೊಳ್ಳೋದು ಜಿಲ್ಲಾ ಪಂಚಾಯ್ತಿ. 2021ರಲ್ಲಿ ಅವಧಿ ಮುಗಿದ್ಮೇಲೆ ಅದಕ್ಕೆ ಎಲೆಕ್ಷನ್ನೇ ಆಗಿಲ್ಲ, ಮೆಂಬರ್‌ಗಳೇ ಇಲ್ಲ. ಗೆದ್ದೋರು ಸೋತೋರು ಬಿಡಿ, ಎಲೆಕ್ಷನ್ ನಡೀದೇ ಇರೋದೂ ಒಂದು ರಿಸಲ್ಟೇ.

ಮಾಲೂರು_ಮೆಮು
ದಿನಾ ವೈಟ್‌ಫೀಲ್ಡ್‌ಗೆ ಟ್ರೈನಲ್ಲಿ ಹೋಗೋನು, ಟ್ರೈನಲ್ಲೇ ಓದ್ತಾ ಇದೀನಿ. ನಮ್ ಎಲೆಕ್ಷನ್ ಅಷ್ಟೇ ಅಲ್ಲ, ಅಮೆರಿಕದ ಎಲೆಕ್ಷನ್ನೂ ನಮ್ಮೋರ ಆಸ್ಪತ್ರೆ ಮುಚ್ಚಿಸಿದೆ ಗೊತ್ತಾ? ಹೈದರಾಬಾದಲ್ಲಿ ಮಿತ್ರ್ ಕ್ಲಿನಿಕ್ ಅಂತ 2021ರಲ್ಲಿ ಶುರುವಾಗಿತ್ತು, ಟ್ರಾನ್ಸ್‌ಜೆಂಡರ್‌ಗಳಿಗೇ ಅಂತ ದೇಶದ ಮೊದಲನೇ ಕ್ಲಿನಿಕ್, ಅಲ್ಲಿ ಕೆಲ್ಸ ಮಾಡೋರಲ್ಲೂ ಬಹಳ ಜನ ಟ್ರಾನ್ಸ್‌ಜೆಂಡರ್‌ಗಳೇ. ಹಾರ್ಮೋನ್ ಸಲಹೆ, ಎಚ್‌ಐವಿ ಟೆಸ್ಟು, ಮನಸ್ಸಿನ ಕೌನ್ಸೆಲಿಂಗು ಎಲ್ಲಾ ಒಂದೇ ಕಡೆ. ಆಮೇಲೆ ಕಲ್ಯಾಣ್, ಪುಣೇಲೂ ಮಾಡಿದ್ರು. ದುಡ್ಡು ಬರ್ತಿದ್ದಿದ್ದು ಅಮೆರಿಕದ ಯುಎಸ್‌ಏಡ್‌ನಿಂದ. 2025 ಜನವರಿ 20ಕ್ಕೆ ಟ್ರಂಪ್ ಕುರ್ಚಿ ಮೇಲೆ ಕೂತ್ರು, ಅವತ್ತೇ ವಿದೇಶಕ್ಕೆ ಕೊಡೋ ಸಹಾಯ 90 ದಿನ ನಿಲ್ಸಿ ಅಂತ ಆರ್ಡರ್. ಮೂರು ಕ್ಲಿನಿಕ್ಕೂ ಬಾಗಿಲು ಹಾಕಿದ್ವು. ಹೈದರಾಬಾದಿನದು ಆಮೇಲೆ ಟಾಟಾ ಟ್ರಸ್ಟ್ಸ್ ದುಡ್ಡಲ್ಲಿ ಬೇರೆ ಹೆಸ್ರಲ್ಲಿ ಮತ್ತೆ ತೆರೀತು.

ಅಲ್ಲಿ ಅವ್ರ ದೇಶದೊಳಗೂ ಹಂಗೇ. ಜನವರಿ 28ಕ್ಕೆ 19 ವರ್ಷಕ್ಕಿಂತ ಚಿಕ್ಕೋರಿಗೆ ಈ ಟ್ರೀಟ್‌ಮೆಂಟ್ ಕೊಡೋ ಆಸ್ಪತ್ರೆಗಳಿಗೆ ಸರ್ಕಾರದ ದುಡ್ಡು ಕಟ್ ಮಾಡೋ ಆರ್ಡರ್, ಜೂನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಟೆನೆಸ್ಸೀ ರಾಜ್ಯದ ನಿಷೇಧ ಸರಿ ಅಂತ 6-3ರಲ್ಲಿ ಹೇಳ್ತು. ಎಲೆಕ್ಷನ್ ಗೆದ್ದು ಎಂಟೇ ತಿಂಗಳಲ್ಲಿ ಇಷ್ಟೂ.

ಮಂಡಿ_ಮಂಜ
ಅಂದ್ರೆ ಅಲ್ಲಿ ಇನ್ನೊಬ್ರು ಗೆದ್ದಿದ್ರೆ ಹಿಂಗಾಗ್ತಿರ್ಲಿಲ್ಲ ಅಂತ?

ಮಾಲೂರು_ಮೆಮು
ಅಮೆರಿಕದಲ್ಲಿ ಹೌದು ಅನ್ಸುತ್ತೆ. ಆದ್ರೆ ಎಲ್ಲಾ ಕಡೆ ಹಂಗಿಲ್ಲ. ಇಂಗ್ಲೆಂಡಲ್ಲಿ ಚಿಕ್ಕ ವಯಸ್ಸಿನೋರಿಗೆ ಪ್ಯೂಬರ್ಟಿ ಬ್ಲಾಕರ್, ಅಂದ್ರೆ ಹರೆಯದ ಬದಲಾವಣೆ ತಡೆಯೋ ಔಷಧಿ ಕೊಡೋದಕ್ಕೆ 2024 ಮೇನಲ್ಲಿ ಕನ್ಸರ್ವೇಟಿವ್ ಸರ್ಕಾರ ತಾತ್ಕಾಲಿಕ ತಡೆ ಹಾಕ್ತು. ಜುಲೈನಲ್ಲಿ ಎಲೆಕ್ಷನ್, ಲೇಬರ್ ಪಾರ್ಟಿ ದೊಡ್ಡದಾಗಿ ಗೆಲ್ತು. ಡಿಸೆಂಬರಲ್ಲಿ ಅದೇ ಲೇಬರ್ ಸರ್ಕಾರ ಆ ತಡೇನ ಅನಿರ್ದಿಷ್ಟಾವಧಿ ಮುಂದುವರ್ಸ್ತು. ಪಾರ್ಟಿ ಬದಲಾದ್ರೆ ಪಾಲಿಸಿ ಬದಲಾಗೇ ಬಿಡುತ್ತೆ ಅನ್ನೋಕಾಗಲ್ಲ.

ಬಂಗಾರಪೇಟೆ_ಅಕ್ಕ
ಆ ಹೈದರಾಬಾದ್ ಕ್ಲಿನಿಕ್ ಮುಚ್ಚಿದಾಗ ಮುಳಬಾಗಿಲು ಕಡೆಯ ಒಬ್ಬ ಚೇಲಾ, ಅಂದ್ರೆ ನಮ್ ಸಮುದಾಯದ ಗುರು ಹತ್ರ ಇರೋ ಶಿಷ್ಯೆ, ಅಲ್ಲಿಗೇ ಹೋಗ್ತಿದ್ಳು, ತೆಲುಗು ಬರುತ್ತಲ್ಲ ಅವ್ಳಿಗೆ, ಸಲೀಸು. ಒಂದು ಮೆಸೇಜಲ್ಲಿ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್. ಅವ್ಳಿಗೆ ಟ್ರಂಪ್ ಯಾರು ಅಂತ ಸರಿಯಾಗಿ ಗೊತ್ತೂ ಇಲ್ಲ.

ನಾನಿದ್ದ ಪ್ರಾಜೆಕ್ಟೂ ಅಷ್ಟೇ ಕಣ್ರಿ, ನಮ್ಮ ದುಡ್ಡು ಅಮೆರಿಕದ್ದಲ್ಲ, ದೆಹಲಿಯ ನ್ಯಾಕೋ, ಅಂದ್ರೆ ಸೆಂಟ್ರಲ್ ಏಡ್ಸ್ ನಿಯಂತ್ರಣ ಸಂಸ್ಥೆಯಿಂದ ಬೆಂಗ್ಳೂರಿಗೆ ಬಂದು ಅಲ್ಲಿಂದ ಎನ್‌ಜಿಒಗೆ ಬರ್ಬೇಕು. ಎಲೆಕ್ಷನ್ ವರ್ಷ ಬಂತು ಅಂದ್ರೆ ಗೊತ್ತಲ್ಲ, ಫುಲ್ ಬಜೆಟ್ ಇರಲ್ಲ, ಲೇಖಾನುದಾನ ಮಾತ್ರ. 2024ರಲ್ಲಿ ಫೆಬ್ರವರಿ 1ಕ್ಕೆ ಅರ್ಧ ಬಜೆಟ್ಟು, ಪೂರ್ತಿ ಬಜೆಟ್ಟು ಜುಲೈ 23ಕ್ಕೆ. ನಮ್ ರಾಜ್ಯದಲ್ಲಿ 2023ರಲ್ಲಿ ಫೆಬ್ರವರಿಯಲ್ಲಿ ಬೊಮ್ಮಾಯಿ ಬಜೆಟ್, ಜುಲೈನಲ್ಲಿ ಸಿದ್ದರಾಮಯ್ಯ ಬಜೆಟ್, ಒಂದೇ ವರ್ಷಕ್ಕೆ ಎರಡು. ಈ ಗ್ಯಾಪಲ್ಲಿ ಗ್ರ್ಯಾಂಟ್ ಲೇಟಾಗುತ್ತೆ, ಪೀರ್‌ಗಳಿಗೆ ಗೌರವಧನ ನಿಲ್ಲುತ್ತೆ, ಪೀರ್ ಕೆಲ್ಸ ಬಿಟ್ಟು ಕಲೆಕ್ಷನ್‌ಗೆ, ಅಂದ್ರೆ ಅಂಗಡಿ ಅಂಗಡಿ ಕೈ ಚಾಚೋಕೆ ಹೋಗ್ತಾಳೆ, ಅವ್ಳ ಜೊತೆ ಆಸ್ಪತ್ರೆಗೆ ಬರ್ತಿದ್ದೋರು ಬರೋದು ನಿಲ್ಲಿಸ್ತಾರೆ. ಎಚ್‌ಐವಿಗೆ ಕೊಡೋ ಎಆರ್‌ಟಿ ಮಾತ್ರೆ ಮಾತ್ರ ನಿಂತಿಲ್ಲ, ಅದು ನಿಜ. 2004ರಿಂದ ಎಷ್ಟು ಸರ್ಕಾರ ಬಂದು ಹೋದ್ವೋ, ಮಾತ್ರೆ ಫ್ರೀಯಾಗೇ ಸಿಗ್ತಿದೆ. ಯಾಕಂದ್ರೆ ಅದು ಜಿಲ್ಲಾಸ್ಪತ್ರೆ ಒಳಗೆ ಒಂದು ರೂಮು, ಒಬ್ರು ಡಾಕ್ಟ್ರು, ಒಬ್ರು ಫಾರ್ಮಾಸಿಸ್ಟು ಅಂತ ಕೂತ್ಬಿಟ್ಟಿದೆ. 2017ರ ಎಚ್‌ಐವಿ ಕಾಯ್ದೆನೂ ಬೆನ್ನಿಗಿದೆ. ಮಾತ್ರೆ ತಗೊಳ್ಳೋ ಮನುಷ್ಯಳನ್ನ ಆ ರೂಮಿನ ತನಕ ಕರ್ಕೊಂಡ್ ಬರೋಳು ಮಾತ್ರ ಕಾಂಟ್ರ್ಯಾಕ್ಟು.

ಫೈಲ್_ನಂಬರ್
ಅಕ್ಕ ಸರಿಯಾಗಿ ಹಿಡಿದ್ರಿ. ಆಫೀಸ್ ಭಾಷೇಲಿ ಹೇಳೋದಾದ್ರೆ ಮಂಜೂರಾದ ಹುದ್ದೆ ಬೇರೆ, ಪ್ರಾಜೆಕ್ಟ್ ಬೇರೆ. ಹುದ್ದೆ ತೆಗೀಬೇಕಾದ್ರೆ ಹಣಕಾಸು ಇಲಾಖೆ, ಸಂಪುಟ, ಏನೇನೋ ದಾಟ್ಬೇಕು. ಪ್ರಾಜೆಕ್ಟ್ ನಿಲ್ಸೋಕೆ ಯಾರೂ ಏನೂ ಮಾಡ್ಬೇಕಾಗಿಲ್ಲ, ರಿನ್ಯೂವಲ್ ಫೈಲ್ ಮೇಜಿನ ಮೇಲೆ ಬಿದ್ದಿದ್ರೆ ಸಾಕು, ತಾನೇ ನಿಲ್ಲುತ್ತೆ.

ಇನ್ನು ಯಾವ ಸರ್ಕಾರ ಏನ್ ಮಾಡ್ತು ಅನ್ನೋದು. 2017ರಲ್ಲಿ ಕಾಂಗ್ರೆಸ್ ಸರ್ಕಾರ ರಾಜ್ಯ ಟ್ರಾನ್ಸ್‌ಜೆಂಡರ್ ನೀತಿ ತಂತು. 2021 ಜುಲೈನಲ್ಲಿ ಬಿಜೆಪಿ ಸರ್ಕಾರ ಸರ್ಕಾರಿ ಕೆಲ್ಸದಲ್ಲಿ 1 ಪರ್ಸೆಂಟ್ ಮೀಸಲಾತಿ ಕೊಡ್ತು, ಆದ್ರೆ ಅದು ಹೈಕೋರ್ಟ್ ಕೇಸಿಂದ ಬಂದಿದ್ದು, ಯಾರ ಪ್ರಣಾಳಿಕೆಯಿಂದಾನೂ ಅಲ್ಲ. ಟ್ರಾನ್ಸ್‌ಜೆಂಡರ್‌ಗಳಿಗೆ ತಿಂಗಳಿಗೆ ಕೊಡೋ ಮೈತ್ರಿ ಪಿಂಚಣಿ 800 ಇದ್ದಿದ್ದು 2024ರ ರಾಜ್ಯ ಬಜೆಟಲ್ಲಿ 1,200 ಆಯ್ತು. 2023 ಜೂನ್ 11ಕ್ಕೆ ಶುರುವಾದ ಶಕ್ತಿ ಬಸ್ಸಲ್ಲಿ ಟ್ರಾನ್ಸ್‌ಜೆಂಡರ್‌ಗಳಿಗೂ ಫ್ರೀ. ಆಸ್ಪತ್ರೆ ವಿಷ್ಯ ಬಂದಾಗ ಎಲ್ಲಾ ಪಾರ್ಟಿನೂ ಪಿಂಚಣಿ ತೋರ್ಸುತ್ತೆ. ಪಿಂಚಣಿ ಘೋಷಣೆ ಮಾಡೋದು ಸುಲಭ, ಖಾತೆಗೆ ದುಡ್ಡು ಹಾಕೋ ಡಿಬಿಟಿ ಬಟನ್ ಒತ್ತಿದ್ರೆ ಆಯ್ತು. ಡಾಕ್ಟ್ರು ತಯಾರಾಗ್ಬೇಕಾದ್ರೆ ಐದಾರು ವರ್ಷ, ಅಷ್ಟೊತ್ತಿಗೆ ಇನ್ನೊಂದು ಎಲೆಕ್ಷನ್.

ಬಂಗಾರಪೇಟೆ_ಅಕ್ಕ
ಶಕ್ತಿ ಬಸ್ಸನ್ನ ನಾನು ಆಸ್ಪತ್ರೆ ಲೆಕ್ಕಕ್ಕೇ ಹಾಕ್ತೀನಿ ಸಾರ್. ಬೆಂಗ್ಳೂರಿಗೆ ಫಾಲೋಅಪ್‌ಗೆ ಹೋಗೋ ಹುಡುಗೀರಿಗೆ ಬಸ್ ಚಾರ್ಜ್ ಉಳೀತು ಅಂದ್ರೆ ಡೇಟ್ ತಪ್ಪಿಸ್ಕೊಳಲ್ಲ. ಕೆಲವು ಕಂಡಕ್ಟ್ರು ಆಧಾರಲ್ಲಿ ಗಂಡು ಅಂತಿದೆ ಟಿಕೆಟ್ ತಗೋ ಅಂತಾರೆ, ಅದು ಬೇರೆ ಜಗಳ.

ಸುಮ್ನೆ_ಇರೋನು
ನಾನು ಟ್ರಾನ್ಸ್ ಮ್ಯಾನ್. ಹೆಣ್ಣಾಗಿ ಹುಟ್ಟಿದೋನು. ಇಲ್ಲಿ ಯಾರೂ ನಮ್ ಬಗ್ಗೆ ಮಾತಾಡಿಲ್ಲ, ಬೇಜಾರೇನಿಲ್ಲ, ಎಲ್ಲಾ ಕಡೆ ಹಂಗೇ. ಎಚ್‌ಐವಿ ಪ್ರಾಜೆಕ್ಟ್ ನಮಗಲ್ಲ, ಹಂಗಾಗಿ ಪೀರ್ ಇಲ್ಲ, ಆಸ್ಪತ್ರೆಗೆ ಕರ್ಕೊಂಡ್ ಹೋಗೋರಿಲ್ಲ, ಗುರು ಚೇಲಾ ಅನ್ನೋ ಮನೆನೂ ಇಲ್ಲ. ಸರ್ಕಾರ ಬದಲಾದ್ರೆ ಏನ್ ಹೋಗುತ್ತೆ ಅಂತ ಕೇಳಿದ್ರೆ ನಮಗೆ ಹೋಗೋಕೆ ಏನೂ ಇಲ್ಲ.

ನಾನು ಮನೇಲಿ ಹೇಳಿಲ್ಲ. ಕೋಲಾರದಲ್ಲಿ ಗೈನಕ್ ಓಪಿಗೆ ಹೋಗಿದ್ದೆ, ಬ್ಲೀಡಿಂಗ್ ಜಾಸ್ತಿ ಅಂತ. ಮೀಸೆ ಬಂದಿದೆ ನಂಗೆ, ಟೆಸ್ಟೋಸ್ಟೆರಾನ್ ತಗೋತಿದ್ದೆ. ಬೆಂಚ್ ಮೇಲೆ ಕೂತಿದ್ರೆ ಬಸುರಿ ಹೆಂಗಸ್ರ ಗಂಡ ಅಂದ್ಕೊಂಡು ಆಯಮ್ಮ "ಗಂಡಸ್ರು ಆಚೆ ನಿಂತ್ಕೊಳ್ಳಿ" ಅಂದ್ರು. ಹೆಸ್ರು ಕೂಗಿದಾಗ ನಾನು ಎದ್ದು ಹೋಗ್ಲೇ ಇಲ್ಲ, ಸೀದಾ ಬಸ್‌ಸ್ಟ್ಯಾಂಡಿಗೆ ಬಂದೆ.

ಓಪಿ_ಚೀಟಿ
ತಮ್ಮಾ, ಬ್ಲೀಡಿಂಗ್ ಬಿಡ್ಬೇಡ. ಇನ್ನೂ ಇದ್ಯಾ? ನಂಗೆ ಮೆಸೇಜ್ ಮಾಡು, ಜನ ಕಮ್ಮಿ ಇರೋ ಟೈಮಲ್ಲಿ ಬರೋ ಹಂಗೆ ಮಾಡಣ, ಮೇಡಂಗೆ ನಾನೇ ಮೊದ್ಲೇ ಹೇಳಿಡ್ತೀನಿ. ಬಾಯಿಬಿಟ್ಟು ಹೇಳಲ್ಲ ಅಂದ್ರೆ ಚೀಟಿ ಮೇಲೆ ಬರ್ಕೊಂಡು ಬಾ ಸಾಕು.

ಬಂಗಾರಪೇಟೆ_ಅಕ್ಕ
ಬಾರೋ ತಮ್ಮ, ನಾನೂ ಬರ್ತೀನಿ ಜೊತೆಗೆ. ಬೇಕಾದ್ರೆ ನಿನ್ನ ಅಕ್ಕ ಅಂತ್ಲೇ ಹೇಳ್ಕೊತೀನಿ.

ಮಾಲೂರು_ಮೆಮು
ಹಿಂದಿನ ಪಾಯಿಂಟಿಗೇ ಬರ್ತೀನಿ, ಕಾನೂನು ಬಂದಿರೋ ಕಥೆಲೂ ಎಲೆಕ್ಷನ್ ಆಟ ಇದೆ. ಟ್ರಾನ್ಸ್‌ಜೆಂಡರ್‌ಗಳನ್ನ ತೃತೀಯ ಲಿಂಗಿ ಅಂತ ಒಪ್ಪಿದ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು 2014 ಏಪ್ರಿಲ್ 15ಕ್ಕೆ ಬಂತು, ಎರಡು ದಿನ ಬಿಟ್ಟು 17ಕ್ಕೆ ಕರ್ನಾಟಕದಲ್ಲಿ ಲೋಕಸಭೆ ವೋಟಿಂಗು, ಪ್ರಚಾರದ ಗಲಾಟೇಲಿ ಯಾರಿಗೂ ಗೊತ್ತಾಗ್ಲಿಲ್ಲ. ಆಸ್ಪತ್ರೇಲಿ ಇವ್ರಿಗೆ ಸರಿಯಾದ ಚಿಕಿತ್ಸೆ ಕೊಡ್ಬೇಕು ಅಂತ ಆ ತೀರ್ಪಲ್ಲೇ ಇದೆ. ಆಮೇಲೆ ಸರ್ಕಾರದ ಬಿಲ್ಲು 2018 ಡಿಸೆಂಬರಲ್ಲಿ ಲೋಕಸಭೇಲಿ ಪಾಸಾಯ್ತು. ಅದ್ರಲ್ಲಿ ನೀವು ಟ್ರಾನ್ಸ್‌ಜೆಂಡರ್ ಹೌದೋ ಅಲ್ವೋ ಅಂತ ನೋಡೋಕೆ ಸ್ಕ್ರೀನಿಂಗ್ ಕಮಿಟಿ ಇತ್ತು, ಡಾಕ್ಟ್ರೂ ಅದ್ರಲ್ಲಿ ಕೂರ್ತಿದ್ರು. ಭಿಕ್ಷೆಗೆ ಹಚ್ಚೋದನ್ನ ಅಪರಾಧ ಮಾಡೋ ಸೆಕ್ಷನ್ನೂ ಇತ್ತು, ಹಮಾಮ್, ಅಂದ್ರೆ ಸಮುದಾಯದೋರು ಒಟ್ಟಿಗಿರೋ ಮನೆ ನಡ್ಸೋ ಗುರುಗಳನ್ನ ಒಳಗೆ ಹಾಕೋಕೆ ಅನುಕೂಲ. ರಾಜ್ಯಸಭೇಲಿ ಪಾಸಾಗೋಕೆ ಮುಂಚೆ 2019ರ ಎಲೆಕ್ಷನ್ ಬಂತು, ಲೋಕಸಭೆ ವಿಸರ್ಜನೆ ಆದಾಗ ಬಿಲ್ಲೂ ಸತ್ತೋಯ್ತು. ಅದೇ ಪಾರ್ಟಿ ಮತ್ತೆ ಗೆದ್ದು ಹೊಸ ಬಿಲ್ ತಂದಾಗ ಆ ಎರಡೂ ಹೋಗಿದ್ವು. ಅಂದ್ರೆ ಆ ಎಲೆಕ್ಷನಲ್ಲಿ ಸರ್ಕಾರ ಬದಲಾಗ್ಲಿಲ್ಲ, ಕಾನೂನು ಬದಲಾಯ್ತು.

ಫೈಲ್_ನಂಬರ್
ಒಳ್ಳೆ ಪಾಯಿಂಟು. ಆ 2019ರ ಕಾಯ್ದೆ 15ನೇ ಸೆಕ್ಷನ್ ಎಲ್ರೂ ಮೊಬೈಲಲ್ಲಿ ಇಟ್ಕೊಳ್ಳಿ. ಆಪರೇಷನ್, ಹಾರ್ಮೋನ್, ಮುಂಚೆ ಆಮೇಲೆ ಕೌನ್ಸೆಲಿಂಗು, ಇನ್ಶೂರೆನ್ಸು, ಡಾಕ್ಟ್ರ ಸಿಲಬಸ್ ತಿದ್ದೋದು, ಎಲ್ಲಾ ಸರ್ಕಾರದ ಜವಾಬ್ದಾರಿ ಅಂತ ಅದ್ರಲ್ಲಿದೆ. ಹುಡುಗ್ರು ಬಂದು ನಮ್ ಪಾರ್ಟಿ ಬಂದ್ರೆ ಕೊಡ್ತೀವಿ ಅಂತಾರಲ್ಲ, ಅವ್ರು ಕೊಡ್ತೀನಿ ಅಂತಿರೋದು ಆಗ್ಲೇ ಕಾನೂನಲ್ಲಿರೋದನ್ನ.

ಮಂಡಿ_ಮಂಜ
ಸರಿ ಒಪ್ಕೊಂಡೆ. ಆದ್ರೆ ಅಕ್ಕ, ನಿಮ್ ಸಮುದಾಯದ ವೋಟ್ ಎಷ್ಟಿದೆ ಹೇಳಿ, ನೂರು ಇನ್ನೂರು ವೋಟಿಗೆ ಯಾವ ಕ್ಯಾಂಡಿಡೇಟ್ ತಲೆ ಕೆಡಿಸ್ಕೊತಾನೆ?

ಬಂಗಾರಪೇಟೆ_ಅಕ್ಕ
ಕಮ್ಮಿನೇ. 2011ರ ಜನಗಣತೀಲಿ ಇಡೀ ರಾಜ್ಯದಲ್ಲಿ 20,266 ಜನ ಅಂತ ಬರ್ಸಿದಾರೆ, ಬರ್ಸದೇ ಇರೋರು ಎಷ್ಟೋ. 2024ರಲ್ಲಿ ಇಡೀ ದೇಶದಲ್ಲಿ ತೃತೀಯ ಲಿಂಗಿ ಅಂತ ಪಟ್ಟಿಲಿದ್ದೋರು 48 ಸಾವಿರ ಚಿಲ್ರೆ, ಅದ್ರಲ್ಲಿ ವೋಟ್ ಹಾಕಿದ್ದು ನೂರಕ್ಕೆ 27 ಜನ. 2019ರಲ್ಲಿ 15 ಕೂಡ ಇರ್ಲಿಲ್ಲ. ಬಹಳ ಜನ ಗಂಡು ಇಲ್ಲಾ ಹೆಣ್ಣು ಅಂತಾನೇ ವೋಟರ್ ಲಿಸ್ಟಲ್ಲಿ ಇದಾರೆ, ಅಡ್ರೆಸ್ ಇನ್ನೂ ಹುಟ್ಟಿದೂರಲ್ಲಿ, ಅಲ್ಲಿಗೆ ಹೋಗಿ ಕ್ಯೂಲಿ ನಿಂತ್ರೆ ಚಿಕ್ಕಪ್ಪ ದೊಡ್ಡಪ್ಪ ಎಲ್ಲಾ ನೋಡ್ತಾರೆ. ವೋಟಿನ ಲೆಕ್ಕದಲ್ಲಿ ನಾವು ಯಾರನ್ನೂ ಸೋಲ್ಸಲ್ಲ ಮಂಜಣ್ಣ. ಅದಕ್ಕೇ ನಾನು ಈ ಸಲ ಯಾರು ಬಂದ್ರೂ ಫ್ರೀ ಆಪರೇಷನ್ ಕೇಳಲ್ಲ. ಜಿಲ್ಲಾಸ್ಪತ್ರೇಲಿ ಒಂದು ಕೌನ್ಸೆಲರ್ ಹುದ್ದೆ ಮಂಜೂರು ಮಾಡ್ಸಿ, ಕಾಂಟ್ರ್ಯಾಕ್ಟ್ ಅಲ್ಲ, ನಮ್ಮೋರಿಗೇ ಆ 1 ಪರ್ಸೆಂಟಲ್ಲಿ ಕೊಡಿ. ವಾರಕ್ಕೊಂದು ದಿನ ಬೆಂಗ್ಳೂರಿಂದ ಎಂಡೋಕ್ರೈನ್ ಡಾಕ್ಟ್ರು ಬರ್ಲಿ, ಶುಗರ್ ಪೇಷಂಟ್‌ಗಳಿಗೂ ಆಗುತ್ತೆ, ತೋಪು ಅಣ್ಣನಿಗೂ ಸಮಾಧಾನ. ವಾರ್ಡ್ ರಿಜಿಸ್ಟರಿಗೆ ಮೂರನೇ ಕಾಲಂ.

ಶ್ರೀನಿವಾಸಪುರ_ತೋಪು
ನಮ್ಮಪ್ಪಂಗೂ ಶುಗರ್ರು. ಎಂಡೋಕ್ರೈನ್ ಡಾಕ್ಟ್ರು ಅಂದ್ರೆ ನಾನೂ ಸಹಿ ಹಾಕ್ತೀನಿ.

ಕೆಜಿಎಫ್_ಶಾಫ್ಟ್
ಬೇರೆ ರಾಜ್ಯದ ಸರ್ಕಾರಿ ಆಸ್ಪತ್ರೇಲೂ ಟಿಜಿ ಪ್ಲಸ್ ಕಾರ್ಡ್ ಒಪ್ಕೊಳ್ಳೋಂಗೆ ಮಾಡಿ ಅಂತಾನೂ ಸೇರ್ಸಿ. ಗಡಿ ಜಿಲ್ಲೆ ನಮ್ದು. ಚೆನ್ನೈ ಟ್ರೈನ್ ನಮ್ಮೂರ ಮುಂದೇನೇ ಹೋಗುತ್ತೆ.

ಫೈಲ್_ನಂಬರ್
ಬಾಯಲ್ಲಿ ಹೇಳ್ಬೇಡಿ, ಅರ್ಜಿ ಕೊಡಿ. ಡಿಸಿಗೆ ಒಂದು, ಜಿಲ್ಲಾ ಆರೋಗ್ಯಾಧಿಕಾರಿ ಡಿಎಚ್‌ಒಗೆ ಒಂದು, ಜಿಲ್ಲಾ ಸರ್ಜನ್‌ಗೆ ಒಂದು, ಮೂರಕ್ಕೂ ಇನ್ವರ್ಡ್ ಸೀಲ್ ಹಾಕಿಸ್ಕೊಳ್ಳಿ. ಕ್ಯಾಂಡಿಡೇಟಿಗೆ ಆಮೇಲೆ ಆ ಸೀಲ್ ಇರೋ ಕಾಪಿ ತೋರ್ಸಿ. ಎಲೆಕ್ಷನ್ ಡೇಟ್ ಅನೌನ್ಸ್ ಆಗೋಕೆ ಮುಂಚೆ ಕೊಡ್ಬೇಕು, ಆಮೇಲೆ ಕೊಟ್ರೆ ಅದೇ ಕೋಡ್ ಕಥೆ.

ಬಂಗಾರಪೇಟೆ_ಅಕ್ಕ
ಆಯ್ತು ಸಾರ್. ಸೋಮವಾರ ಬೆಳಿಗ್ಗೆ ಗಾಡಿ ಮುಚ್ಚಿ ಬರ್ತೀನಿ, ಯಾರ್ಯಾರ್ ಬರ್ತೀರೋ ಡಿಸಿ ಆಫೀಸ್ ಗೇಟ್ ಹತ್ರ ಬನ್ನಿ. ಆಧಾರ್ ಜೆರಾಕ್ಸ್ ಮನೆಯಿಂದಾನೇ ತನ್ನಿ, ಅಲ್ಲಿ ಅಂಗಡೀಲಿ ಡಬಲ್ ರೇಟ್.